ಕೊಳೆರೋಗ ಸ್ಲೈಡಿನ ಮೇಲೆ

ಸಸ್ಯರೋಗಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಇವತ್ತು ಕೊಳೆರೋಗ ಹಿಡಿದ ಅಡಿಕೆಕಾಯಿಯ ಬಿಳಿ ಬೂಷ್ಟನ್ನು ಸೂಜಿಯಲ್ಲಿ ತೆಗೆದು ಸ್ಲೈಡಿಗೆ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ನಿಂಬೆಹಣ್ಣಿನ ಆಕಾರದ ಪುಟ್ಟ ಚೀಲಗಳು! ನೀರು ಸಿಕ್ಕರೆ ಸಾಕು, ಒಳಗಿನ ಬೀಜಕಣಗಳು ಹೊರಬಂದು ಈಜುತ್ತವೆ. ಮಳೆ ಬಿಡದೆ ಹಿಡಿದಾಗ ತೋಟವಿಡೀ ಕಾಯಿ ಉದುರುವುದು ಸುಮ್ನೆ ಅಲ್ಲ.

ಮೈಸೂರು ಸಂಸ್ಥಾನದಲ್ಲಿದ್ದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್‌ಮನ್ 1910ರಲ್ಲೇ ಈ ರೋಗ ತರುವ ಫೈಟೋಫ್ಥೊರಾ ಎಂಬ ಸೂಕ್ಷ್ಮಜೀವಿಯ ಬಗ್ಗೆ ಬರೆದಿದ್ದರು. ರೋಗ ತಡೆಯಲು ಇವತ್ತಿಗೂ ಜಾಸ್ತಿ ಜನ ನಂಬುವುದು ಬೋರ್ಡೋ ದ್ರಾವಣವನ್ನೇ. 100 ಲೀಟರ್ ನೀರಿಗೆ ಒಂದೊಂದು ಕಿಲೋ ಮೈಲುತುತ್ತ, ಸುಣ್ಣ. ಅದ್ದಿದ ಚಾಕುವಿಗೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು ಅಂತ ಅರ್ಥ. ಊರಿನಲ್ಲಿ ಔಷಧಿ ಹೊಡೆಯುವವರಿಗೆ ಇದೆಲ್ಲ ಮೊದಲೇ ಗೊತ್ತು.

ಆದರೆ ಮಳೆಯ ನಡುವೆ ಔಷಧಿ ಹೊಡೆಯಲು ಮರ ಹತ್ತುವವರು ಸಿಗುವುದೇ ಕಷ್ಟ ಅಲ್ವಾ? ಥೀಸಿಸ್‌ಗೆ ಇದೇ ರೋಗ ತೆಗೆದುಕೊಳ್ಳಬೇಕು ಅಂತ ಆಸೆಯಾಗಿದೆ.