ಕ್ವೀನ್ಸ್‌ನಲ್ಲಿ ಓಡಾಡುವವರಿಗೆ: ಮನೆ ನಂಬರು, ನಗರದ ಗಡಿ, ರೈಲು ಬದಲಿಸುವ ಜಾಗ

ಜೆಎಫ್‌ಕೆ ವಿಮಾನ ನಿಲ್ದಾಣದಲ್ಲಿ ಇಳಿದರೂ ಲಗಾರ್ಡಿಯಾದಲ್ಲಿ ಇಳಿದರೂ ನೀವು ಕಾಲಿಡುವುದು ಕ್ವೀನ್ಸ್‌ನಲ್ಲೇ. ನ್ಯೂಯಾರ್ಕ್ ನಗರದ ಐದು ಬರೋಗಳಲ್ಲಿ (ಆಡಳಿತ ವಿಭಾಗಗಳಲ್ಲಿ) ವಿಸ್ತೀರ್ಣದಲ್ಲಿ ಇದೇ ದೊಡ್ಡದು. ಆದರೂ ಅಂಚೆ ವಿಳಾಸದಲ್ಲಿ ‘ಕ್ವೀನ್ಸ್’ ಎಂದು ಬರೆಯುವ ರೂಢಿ ಕಡಿಮೆ. ಫ್ಲಶಿಂಗ್, ಜಮೈಕಾ, ಲಾಂಗ್ ಐಲೆಂಡ್ ಸಿಟಿ ಎಂದೇ ಇರುತ್ತದೆ. 1898ರಲ್ಲಿ ನಗರಕ್ಕೆ ಸೇರುವವರೆಗೆ ಇವೆಲ್ಲ ಬೇರೆ ಬೇರೆ ಊರುಗಳೇ ಆಗಿದ್ದವು.

ಮೊದಲು ಮನೆ ನಂಬರು ಓದಲು ಕಲಿಯಿರಿ. ಫ್ಲಶಿಂಗ್‌ನ ಗಣೇಶ ದೇವಸ್ಥಾನದ ವಿಳಾಸ 45-57 ಬೌನ್ ಸ್ಟ್ರೀಟ್. ಗೆರೆಯ ಹಿಂದಿನ 45 ಎಂದರೆ 45ನೇ ಅವೆನ್ಯೂ ದಾಟಿದ ಬ್ಲಾಕ್, ಗೆರೆಯ ಮುಂದಿನ 57 ಕಟ್ಟಡದ ನಂಬರು. ಬೆಂಗಳೂರಿನ ಕ್ರಾಸ್-ಮೇನ್ ಲೆಕ್ಕ ಗೊತ್ತಿದ್ದವರಿಗೆ ಬೇಗ ಹತ್ತುತ್ತದೆ: ಸ್ಟ್ರೀಟ್‌ಗಳು ಉತ್ತರ-ದಕ್ಷಿಣ, ಪೂರ್ವಕ್ಕೆ ಹೋದಂತೆ ಸಂಖ್ಯೆ ಏರುತ್ತದೆ, ಅವೆನ್ಯೂಗಳು ಪೂರ್ವ-ಪಶ್ಚಿಮ, ದಕ್ಷಿಣಕ್ಕೆ ಹೋದಂತೆ ಏರುತ್ತವೆ. ಎಡವಟ್ಟಾಗುವುದು ಬಾಲದ ಪದದಲ್ಲಿ. 37ನೇ ಅವೆನ್ಯೂ, 37ನೇ ರೋಡ್ ಜಾಕ್ಸನ್ ಹೈಟ್ಸ್‌ನಲ್ಲಿ ಅಕ್ಕಪಕ್ಕ ಇವೆ. 37ನೇ ಸ್ಟ್ರೀಟ್ ಮಾತ್ರ ದೂರದ ಆಸ್ಟೋರಿಯಾದಲ್ಲಿ. ಟ್ಯಾಕ್ಸಿಯವರಿಗೆ ಬರಿ ‘37’ ಎಂದು ಹೇಳಬೇಡಿ.

ಗಡಿಯ ವಿಷಯಕ್ಕೆ ಬಂದರೆ, ಪಶ್ಚಿಮದಲ್ಲಿ ಈಸ್ಟ್ ರಿವರ್, ಬ್ರೂಕ್ಲಿನ್ ಕಡೆ ಸ್ವಲ್ಪ ದೂರ ನ್ಯೂಟೌನ್ ಕ್ರೀಕ್. ಇವು ಯಾರಿಗೂ ತೊಂದರೆ ಕೊಡುವುದಿಲ್ಲ. ಜೇಬಿಗೆ ಕತ್ತರಿ ಹಾಕುವುದು ನಗರದ ಹೊರಗಿನ ನಾಸಾ (Nassau) ಕೌಂಟಿಗೆ ತಾಗುವ ಪೂರ್ವದ ಗಡಿ. ಮಕ್ಕಳ ಮನೆಗೆ ಬರುವ ಅಪ್ಪ-ಅಮ್ಮಂದಿರಿಗೆ ಬೆಲ್‌ರೋಸ್, ಫ್ಲೋರಲ್ ಪಾರ್ಕ್ ಹೆಸರುಗಳು ಪರಿಚಿತ, ಅಲ್ಲಿ ಭಾರತೀಯರು ಬಹಳ. ಈ ಎರಡೂ ಹೆಸರು ಗಡಿಯ ಎರಡೂ ಬದಿಗೆ ಇವೆ. ವಿಮಾನ ನಿಲ್ದಾಣದಿಂದ ಹಳದಿ ಟ್ಯಾಕ್ಸಿ ಹಿಡಿದರೆ ಮನೆ ನಗರದೊಳಗಿದ್ದಾಗ ಮಾಮೂಲಿ ಮೀಟರ್. ನಾಸಾದಲ್ಲಿದ್ದರೆ ಗಡಿ ದಾಟಿದಲ್ಲಿಂದ ಮೀಟರಿನ ಎರಡರಷ್ಟು. ಉಪನಗರ ರೈಲಾದ ಲಾಂಗ್ ಐಲೆಂಡ್ ರೈಲ್‌ರೋಡ್‌ನಲ್ಲೂ ಇದೇ ಪಂಚಾಯಿತಿ: ನಗರದೊಳಗಿನ ಅಗ್ಗದ ಸಿಟಿಟಿಕೆಟ್ ಕ್ವೀನ್ಸ್ ವಿಲೇಜ್ ನಿಲ್ದಾಣದವರೆಗೆ ನಡೆಯುತ್ತದೆ, ಮುಂದಿನ ಬೆಲ್‌ರೋಸ್, ಫ್ಲೋರಲ್ ಪಾರ್ಕ್ ನಿಲ್ದಾಣಗಳಿಗೆ ನಡೆಯುವುದಿಲ್ಲ. ಹೊರಡುವ ಮೊದಲೇ ‘ಮನೆ ನಗರದೊಳಗೋ ನಾಸಾದಲ್ಲೋ’ ಎಂದು ಕೇಳಿಟ್ಟುಕೊಳ್ಳಿ. ಈ ಕಡೆಗೆ ಸಬ್‌ವೇ ಇಲ್ಲ. ಜಮೈಕಾದವರೆಗೆ ರೈಲು, ಅಲ್ಲಿಂದ ಹಿಲ್‌ಸೈಡ್ ಅವೆನ್ಯೂ ಮೇಲೆ ಕ್ಯೂ43 ಬಸ್ಸು. ದೊಡ್ಡ ಸೂಟ್‌ಕೇಸ್ ಎರಡಿದ್ದರೆ ಬಸ್ಸಿನ ಯೋಚನೆ ಬಿಡುವುದೇ ವಾಸಿ.

ರೈಲು ಬದಲಿಸುವ ಜಾಗಗಳಲ್ಲಿ ಜಾಕ್ಸನ್ ಹೈಟ್ಸ್‌ನ 74ನೇ ಸ್ಟ್ರೀಟ್ ನಿಲ್ದಾಣ ಒಂದನ್ನು ಚೆನ್ನಾಗಿ ತಿಳಿದುಕೊಂಡರೆ ಅರ್ಧ ಕೆಲಸ ಮುಗಿಯಿತು. ಸಬ್‌ವೇ ರೈಲುಗಳಿಗೆ ಅಂಕಿ, ಅಕ್ಷರಗಳೇ ಹೆಸರು: ಮೇಲೆ 7, ಕೆಳಗೆ ಇ, ಎಫ್, ಆರ್. ಕೆಲವು ಹೊತ್ತಿನಲ್ಲಿ ಎಂ ಕೂಡ. ಹೊರಗೆ ಲಗಾರ್ಡಿಯಾದ ಬಿ, ಸಿ ಟರ್ಮಿನಲ್‌ಗಳಿಗೆ ಕ್ಯೂ70 ಬಸ್ಸು, ಅದು ಉಚಿತ. ಲಿಫ್ಟ್ ಇದೆ. ಪಕ್ಕದ ಬೀದಿಯಲ್ಲೇ ಕರಿಬೇವು, ತೊಗರಿಬೇಳೆ ಸಿಗುತ್ತವೆ. ಒಂದು ಎಚ್ಚರಿಕೆ: 7ರಲ್ಲಿ ಎರಡು ಬಗೆ. ಹಸಿರು ವೃತ್ತ ಲೋಕಲ್, ಕೆಂಪು ವಜ್ರಾಕೃತಿ ಎಕ್ಸ್‌ಪ್ರೆಸ್. ಎಕ್ಸ್‌ಪ್ರೆಸ್ 74ರಲ್ಲಿ ನಿಲ್ಲದೆ ವುಡ್‌ಸೈಡ್‌ನಿಂದ ಜಂಕ್ಷನ್ ಬುಲೆವಾರ್ಡ್‌ಗೆ ಹಾರಿಬಿಡುತ್ತದೆ. ದೇವಸ್ಥಾನಕ್ಕೆ ಹೋಗುವವರಿಗೆ ಚಿಂತೆಯಿಲ್ಲ, ಎರಡೂ ಕೊನೆಗೆ ಫ್ಲಶಿಂಗ್ ಮೇನ್ ಸ್ಟ್ರೀಟ್‌ಗೇ ಹೋಗುತ್ತವೆ. ಅಲ್ಲಿಂದ ಸುಮಾರು 20 ನಿಮಿಷ ನಡಿಗೆ. ದೋಸೆಯ ಕ್ಯಾಂಟೀನ್ ನೆಲಮಾಳಿಗೆಯಲ್ಲಿದೆ.

ಜೆಎಫ್‌ಕೆಯಿಂದಾದರೆ ವಿಮಾನ ನಿಲ್ದಾಣದ ರೈಲು ಏರ್‌ಟ್ರೇನ್ ಹತ್ತಿ ಜಮೈಕಾದಲ್ಲಿ ಇಳಿದು ಇ ಹಿಡಿಯಿರಿ. ಟರ್ಮಿನಲ್‌ಗಳ ನಡುವೆ ಏರ್‌ಟ್ರೇನ್ ಬಿಟ್ಟಿ, ಜಮೈಕಾದಲ್ಲಿ ಹೊರಬರುವಾಗ ಮಾತ್ರ 8 ಡಾಲರಿಗೂ ಹೆಚ್ಚು ಕೊಡಬೇಕು. ಸಬ್‌ವೇ ದುಡ್ಡು ಬೇರೆ. ಏರ್‌ಟ್ರೇನ್‌ನ ಇನ್ನೊಂದು ಕೊನೆ ಹೊವರ್ಡ್ ಬೀಚ್; ಅಲ್ಲಿ ಸಿಗುವ ಎ ರೈಲು ಬ್ರೂಕ್ಲಿನ್ ಸುತ್ತಿಕೊಂಡು ಹೋಗುತ್ತದೆ, ಕ್ವೀನ್ಸ್‌ನ ಒಳಭಾಗಕ್ಕೆ ಪ್ರಯೋಜನವಿಲ್ಲ.

ಸಬ್‌ವೇ, ಬಸ್ಸಿನ ಹಳೆಯ ಮೆಟ್ರೊಕಾರ್ಡ್ ಮಾರಾಟ 2025ರ ಕೊನೆಗೆ ನಿಂತಿದೆ. ಈಗ ಬ್ಯಾಂಕ್ ಕಾರ್ಡ್, ಫೋನ್ ಅಥವಾ ಓಮ್ನಿ ಕಾರ್ಡ್ (ಅದರ ಬದಲಿಗೆ ಬಂದ ಪ್ರಯಾಣದ ಕಾರ್ಡ್) ತಾಗಿಸಬೇಕು. ರೈಲಿಂದ ಬಸ್ಸಿಗೆ ಬದಲಿಸಲು 2 ಗಂಟೆಯೊಳಗೆ ಮತ್ತೆ ಹಣವಿಲ್ಲ, ಆದರೆ ಮೊದಲು ತಾಗಿಸಿದ್ದನ್ನೇ ಎರಡು ಕಡೆಯೂ ತಾಗಿಸಬೇಕು. ರೈಲಿಗೆ ಕಾರ್ಡ್, ಬಸ್ಸಿಗೆ ಅದೇ ಖಾತೆಯ ಫೋನ್ ತೋರಿಸಿದರೆ ಯಂತ್ರ ಅವನ್ನು ಇಬ್ಬರು ಪ್ರಯಾಣಿಕರೆಂದೇ ಎಣಿಸುತ್ತದೆ.

ಶನಿವಾರ-ಭಾನುವಾರ ಹಳಿ ಕೆಲಸದಿಂದ 7 ನಿಂತಿದ್ದರೆ ಮ್ಯಾನ್‌ಹಟನ್‌ನ ಪೆನ್ ಸ್ಟೇಷನ್‌ನಿಂದ ಲಾಂಗ್ ಐಲೆಂಡ್ ರೈಲ್‌ರೋಡ್‌ನ ಪೋರ್ಟ್ ವಾಷಿಂಗ್ಟನ್ ಮಾರ್ಗದಲ್ಲಿ ಫ್ಲಶಿಂಗ್ ಸೇರಬಹುದು. ಟಿಕೆಟ್ ಹತ್ತುವ ಮೊದಲೇ ಕೊಳ್ಳಿ, ರೈಲಿನೊಳಗೆ ದರ ಜಾಸ್ತಿ. ಆ ರೈಲ್‌ರೋಡ್‌ನ ಉಳಿದ ಮಾರ್ಗಗಳು ಜಮೈಕಾಗೆ ಹೋಗುತ್ತವೆ, ಇದೊಂದು ಹೋಗುವುದಿಲ್ಲ. ತಪ್ಪಿ ಬೇರೆಯದನ್ನು ಹತ್ತಿದ್ದರೆ ವುಡ್‌ಸೈಡ್‌ನಲ್ಲಿ ನಿಂತಾಗಲೇ ಇಳಿದುಬಿಡಿ.