ನನ್ನ ಸಹಿ ಒಂದಾ, ಅರ್ಧವಾ?

ಸರ್ವರ್ ಕೈಕೊಟ್ಟ ದಿನವೇ ಈ ಪ್ರಶ್ನೆ ಬರುವುದು.

ನಾನು ಪತ್ರ ಬರೆಯುವವಳು. ದಾವಣಗೆರೆ ಕಡೆಯ ಒಂದು ತಾಲೂಕು ಊರಲ್ಲಿ, ಸಬ್‌ರಿಜಿಸ್ಟ್ರಾರ್ ಆಫೀಸಿನ ಎದುರಿನ ಮಳಿಗೆ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ನಾಲ್ಕು ಪ್ಲಾಸ್ಟಿಕ್ ಕುರ್ಚಿ. ಕ್ರಯಪತ್ರ, ವಿಭಾಗಪತ್ರ, ದಾನಪತ್ರ, ಹಕ್ಕು ಬಿಡುಗಡೆ ಪತ್ರ, ಎಲ್ಲ ಬರೆದುಕೊಡುತ್ತೇನೆ. ಸರ್ವರ್ ಇಲ್ಲ ಅಂದರೆ ಪಾರ್ಟಿಗಳು ಇಲ್ಲೇ ಬಂದು ಕೂರುತ್ತಾರೆ. ಟೀ ಆಗುತ್ತದೆ, ಮಳೆ ಬೆಳೆ ಮಾತಾಗುತ್ತದೆ, ಮೆಕ್ಕೆಜೋಳದ ರೇಟಿಗೆ ಬೈದದ್ದಾಗುತ್ತದೆ. ಆಮೇಲೆ ಯಾರೋ ಒಬ್ಬರು ನನ್ನ ತಲೆಮೇಲಿನ ದುಪಟ್ಟಾ ನೋಡಿ ದನಿ ತಗ್ಗಿಸುತ್ತಾರೆ. "ಬೇಜಾರು ಮಾಡ್ಕೋಬೇಡಿ ಮೇಡಂ, ನಿಮ್ಮಲ್ಲಿ ಹೆಂಗಸರಿಗೆ ಸಮಾನತೆ ಇದೆಯಾ?"

ಬೇಜಾರೇನೂ ಇಲ್ಲ. ಕೆಲವರು ತಿಳಿಯೋಕೆ ಕೇಳುತ್ತಾರೆ, ಕೆಲವರು ಚುಚ್ಚೋಕೆ. ದನಿಯಲ್ಲೇ ಗೊತ್ತಾಗುತ್ತದೆ. ಪಕ್ಕದಲ್ಲಿ ನಮ್ಮವರು ಯಾರಾದರೂ ಕೂತಿದ್ದರೆ ನನಗಿಂತ ಮೊದಲೇ ಅವರ ಉತ್ತರ ಬರುತ್ತದೆ. "ಹೇಳು ಬಾಜಿ (ಅಕ್ಕ), ಹದಿನಾಲ್ಕು ನೂರು ವರ್ಷದ ಹಿಂದೆಯೇ ಇಸ್ಲಾಂ ಹೆಂಗಸರಿಗೆ ಎಲ್ಲ ಹಕ್ಕೂ ಕೊಟ್ಟಿದೆ ಅಂತ!" ಒಬ್ಬರಿಗೆ ನನ್ನ ಬಾಯಲ್ಲಿ ಇಲ್ಲ ಅನ್ನಿಸಬೇಕು, ಇನ್ನೊಬ್ಬರಿಗೆ ಹೌದು ಅನ್ನಿಸಬೇಕು. ಸರ್ವರ್ ಬರುವಷ್ಟರಲ್ಲಿ ಮುಗಿಯುವ ಮಾತಲ್ಲ ಇದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಕಸುಬಿನಿಂದಲೇ ಶುರು ಮಾಡುತ್ತೇನೆ. ಕುರ್‌ಆನಿನಲ್ಲಿ ಎಲ್ಲಕ್ಕಿಂತ ಉದ್ದದ ಆಯತ್, ಅಂದರೆ ವಚನ, ಯಾವುದರ ಬಗ್ಗೆ ಗೊತ್ತಾ? ಸಾಲಪತ್ರ ಬರೆಯುವುದರ ಬಗ್ಗೆ! ಎರಡನೇ ಸೂರಾದ (ಅಧ್ಯಾಯದ) 282ನೇ ಆಯತ್. ವಾಯಿದೆ ಇಟ್ಟು ಸಾಲ ಕೊಟ್ಟರೆ ಬರೆದಿಡಿ. ಬರೆಯುವವನು ನ್ಯಾಯವಾಗಿ ಬರೆಯಲಿ, ಬರೆಯಲ್ಲ ಅನ್ನಬಾರದು. ಸಾಲ ತೀರಿಸಬೇಕಾದವನೇ ಹೇಳಿ ಬರೆಸಲಿ. ಮೊತ್ತ ಚಿಕ್ಕದು ಅಂತ ಬೇಸರ ಮಾಡಿಕೊಳ್ಳಬೇಡಿ. ಬರೆದವನಿಗೂ ಸಾಕ್ಷಿಗೂ ಯಾರೂ ತೊಂದರೆ ಕೊಡಬಾರದು. ಈ ಕೊನೆಯ ಮಾತನ್ನಂತೂ ಫ್ರೇಮ್ ಹಾಕಿಸಿ ಮಳಿಗೆಯಲ್ಲಿ ತೂಗುಹಾಕಬೇಕು ಅಂತ ಎಷ್ಟೋ ಸಲ ಅನ್ನಿಸಿದೆ.

ಅದೇ ಆಯತಿನ ನಡುವೆ ಇನ್ನೊಂದು ಮಾತಿದೆ. ಇಬ್ಬರು ಗಂಡಸರನ್ನು ಸಾಕ್ಷಿ ಮಾಡಿಕೊಳ್ಳಿ. ಇಬ್ಬರು ಸಿಗದಿದ್ದರೆ ಒಬ್ಬ ಗಂಡಸು, ಇಬ್ಬರು ಹೆಂಗಸರು. ಒಬ್ಬಳು ತಪ್ಪಿದರೆ ಇನ್ನೊಬ್ಬಳು ನೆನಪಿಸಲಿ.

ನಮ್ಮ ಕಡೆ ಪತ್ರದ ಕೊನೆಯಲ್ಲಿ "ಬಿಕ್ಕಲಂ" ಅಂತ ಹಾಕಿ ಬರೆದವರ ಹೆಸರು ಬರೆಯುತ್ತಾರೆ. ಅದರಲ್ಲಿರುವ ಕಲಂ ಅರಬ್ಬಿಯ ಕಲಂ. ಹತ್ತೊಂಬತ್ತು ವರ್ಷದಿಂದ ಅಲ್ಲಿ ನನ್ನ ಹೆಸರಿದೆ. ಬೇರೆಯವರ ಪತ್ರಕ್ಕೆ ಸಾಕ್ಷಿ ಹಾಕಿದ್ದೂ ಉಂಟು. ನನ್ನದೊಂದು ಸಹಿ, ಪಕ್ಕದ ಜೆರಾಕ್ಸ್ ಅಂಗಡಿ ಮಂಜಣ್ಣನದೊಂದು ಸಹಿ. ಆಫೀಸಿನಲ್ಲಿ ಎರಡೂ ಒಂದೇ ತೂಕ.

ಹೋದ ವರ್ಷ ನನ್ನ ಅಕ್ಕನ ಮಗಳ ನಿಕಾಹ್ ಆಯಿತು. ಕಾಜಿ ಸಾಹೇಬರ ಕಣ್ಣಿಗೆ ಪೊರೆ, ಅದಕ್ಕೆ ನಿಕಾಹ್‌ನಾಮೆ ತುಂಬಿದ್ದು ನಾನೇ. ಸಾಕ್ಷಿಯ ಎರಡು ಕಾಲಂ ಬಂದಾಗ ಇಬ್ಬರು ಗಂಡಸರನ್ನು ಕರೆದರು. ಹನಫಿ ಅನ್ನುವ ನ್ಯಾಯಪಂಥದ ಪದ್ಧತಿಯಲ್ಲಿ ನಾನು ನಿಲ್ಲಬೇಕಾದರೆ ನನ್ನ ಜೊತೆ ಇನ್ನೊಬ್ಬ ಹೆಂಗಸು ಬೇಕು, ಒಬ್ಬ ಗಂಡಸೂ ಬೇಕು. ಬಂದವರಲ್ಲಿ ಒಬ್ಬರು ನಮ್ಮ ದೂರದ ಭಾವ. ಸಹಿ ಎಲ್ಲಿ ಹಾಕಬೇಕು ಅಂತ ನಾನೇ ಬೆರಳಿಟ್ಟು ತೋರಿಸಿದೆ. ಅವರ ಹತ್ತಿರ ಪೆನ್ನೂ ಇರಲಿಲ್ಲ.

ಒಬ್ಬ ಗಂಡಸಿನ ಬದಲು ಇಬ್ಬರು ಹೆಂಗಸರು ಯಾಕೆ ಅನ್ನುವುದಕ್ಕೆ ಉಲಮಾಗಳಲ್ಲಿ, ಅಂದರೆ ಧರ್ಮವಿದ್ವಾಂಸರಲ್ಲಿ, ಬೇರೆ ಬೇರೆ ಉತ್ತರಗಳಿವೆ. ಆ ಕಾಲದಲ್ಲಿ ಹೆಂಗಸರಿಗೆ ಸಾಲ, ವ್ಯಾಪಾರದ ರೂಢಿ ಕಡಿಮೆ ಇತ್ತು, ಅದಕ್ಕೆ ಹಾಗೆ ಹೇಳಿದೆ ಅಂತ ಈಜಿಪ್ಟಿನ ಮುಹಮ್ಮದ್ ಅಬ್ದುಹು ನೂರು ವರ್ಷಕ್ಕೂ ಹಿಂದೆಯೇ ವಿವರಿಸಿದ್ದರು. ನನಗೆ ಈ ಮಾತು ಒಪ್ಪಿಗೆಯಾಗುತ್ತದೆ. ಯಾಕೆಂದರೆ ಹದೀಸಿನ, ಅಂದರೆ ಪ್ರವಾದಿಯವರ ಮಾತು ನಡೆಗಳ ವರದಿಯ, ವಿಷಯ ನೋಡಿ. ಪ್ರವಾದಿಯವರು ಹೀಗೆ ಹೇಳಿದರು ಅಂತ ಅವರ ಪತ್ನಿ ಹಜ್ರತ್ ಆಯಿಶಾ ಒಬ್ಬರೇ ಹೇಳಿದರೂ ಸಾಕು, ಇನ್ನೊಬ್ಬ ಹೆಂಗಸು ನೆನಪಿಸಬೇಕಾಗಿಲ್ಲ. ಅವರ ಹೆಸರಲ್ಲಿ 2,210 ಹದೀಸುಗಳಿವೆ. ದೀನಿನ, ಅಂದರೆ ಧರ್ಮದ, ವಿಷಯದಲ್ಲಿ ಒಬ್ಬ ಹೆಂಗಸಿನ ಮಾತು ಪೂರ್ತಿ ನಡೆಯುತ್ತದೆ. ಎಮ್ಮೆ ಸಾಲಕ್ಕೆ ಅರ್ಧ ಆಗುವುದು ಹೇಗೆ?

ಅಲ್ಲಾಹನ ಮುಂದೆ ಸಮಾನತೆ ಇದೆಯಾ ಅಂದರೆ ನನಗೆ ಅನುಮಾನವೇ ಇಲ್ಲ. ಕುರ್‌ಆನಿನಲ್ಲಿ ಗಂಡಸರ ಮಾತು ಬರುತ್ತದೆ, ನಮ್ಮ ಮಾತು ಯಾಕಿಲ್ಲ ಅಂತ ಪ್ರವಾದಿಯವರ ಪತ್ನಿ ಉಮ್ಮು ಸಲಮಾ ಕೇಳಿದ್ದರು ಅಂತ ಹದೀಸಿನಲ್ಲಿದೆ. ಅದಕ್ಕೆ ಬಂದ ಉತ್ತರ ಮೂವತ್ಮೂರನೇ ಸೂರಾದ 35ನೇ ಆಯತ್: ನಂಬುವ ಗಂಡಸರು, ನಂಬುವ ಹೆಂಗಸರು, ಸತ್ಯ ಹೇಳುವ ಗಂಡಸರು, ಸತ್ಯ ಹೇಳುವ ಹೆಂಗಸರು, ಹೀಗೆ ಹತ್ತು ಸಲ ಜೋಡಿ ಜೋಡಿಯಾಗಿ. ಕೇಳಿದ್ದಕ್ಕೆ ಸಿಕ್ಕಿತು. ಇದನ್ನು ಮಾತ್ರ ನಮ್ಮ ಹುಡುಗಿಯರಿಗೆ ಯಾರೂ ಒತ್ತಿ ಹೇಳುವುದಿಲ್ಲ.

ಇನ್ನು ಪಾಲು. ಇಲ್ಲಿ ಸುಮ್ನೆ ಮಾತು ಬೇಡ, ಲೆಕ್ಕವನ್ನೇ ಹಾಕೋಣ. ಒಬ್ಬರು ತೀರಿಕೊಂಡರು. ಅವರ ತಂದೆ ತಾಯಿ ಮೊದಲೇ ಹೋಗಿದ್ದಾರೆ. ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು. ಜಮೀನು 8 ಎಕರೆ. ಮಕ್ಕಳಿರುವುದರಿಂದ ಹೆಂಡತಿಗೆ ಎಂಟರಲ್ಲಿ ಒಂದು, ಅಂದರೆ 1 ಎಕರೆ. ಉಳಿದ 7 ಎಕರೆ ಐದು ಪಾಲು. ಗಂಡುಮಕ್ಕಳಿಗೆ ಎರಡೆರಡು, ಮಗಳಿಗೆ ಒಂದು. ಮಗಳಿಗೆ 1 ಎಕರೆ 16 ಗುಂಟೆ, ಒಬ್ಬೊಬ್ಬ ಮಗನಿಗೆ 2 ಎಕರೆ 32 ಗುಂಟೆ. (ಎಲ್ಲಾ ಕಡೆ ಅರ್ಧವೇ ಅಂದುಕೊಳ್ಳಬೇಡಿ. ಗಂಡುಮಕ್ಕಳಿರುವ ಮಗ ತೀರಿಕೊಂಡರೆ ಅವನ ತಂದೆಗೂ ತಾಯಿಗೂ ಆರರಲ್ಲಿ ಒಂದೊಂದು ಪಾಲು, ಸಮ.)

ಯಾಕೆ ಅರ್ಧ ಅಂದರೆ, ಸಂಸಾರದ ಖರ್ಚು ಗಂಡಸಿನ ತಲೆಮೇಲೆ, ಹೆಂಗಸಿನ ದುಡ್ಡು ಪೂರ್ತಿ ಅವಳದ್ದೇ, ಅದಕ್ಕೆ ಅನ್ನುತ್ತಾರೆ. ಏಳನೇ ಶತಮಾನದ ಅರೇಬಿಯಾದಲ್ಲಿ ಇದು ಸಣ್ಣ ಮಾತಲ್ಲ. ಮದುವೆಯಾದ ಹೆಂಗಸು ತನ್ನ ಹೆಸರಲ್ಲೇ ಆಸ್ತಿ ಇಟ್ಟುಕೊಳ್ಳಲು ಇಂಗ್ಲೆಂಡಿನಲ್ಲಿ 1882ರ ಕಾಯ್ದೆ ಬರಬೇಕಾಯಿತು. ಸರಿ, ಒಪ್ಪೋಣ. ಆದರೆ ಎರಡು ಪಾಲು ತಗೊಂಡ ಅಣ್ಣ ವಿಧವೆ ತಂಗಿಯ ಮನೆ ಬಾಡಿಗೆ ಕಟ್ಟುತ್ತಾನಾ? ಅವಳ ಮಕ್ಕಳ ಫೀಸು? ನಮ್ಮ ಅಬ್ಬಾ ಗ್ಯಾರೇಜ್ ಮುಚ್ಚಿದ ಮೇಲೆ ಹನ್ನೊಂದು ವರ್ಷ ಮನೆ ನಡೆದದ್ದು ಅಮ್ಮಿಯ ಹೊಲಿಗೆ ಮಿಷನ್ ಮೇಲೆ. ಷರತ್ತು ಮುರಿದವನು ಪತ್ರದ ಲಾಭ ಮಾತ್ರ ತನಗಿರಲಿ ಅಂದರೆ ಯಾವ ಕೋರ್ಟ್ ಕೇಳುತ್ತದೆ? ದುಡಿಮೆ ಇಬ್ಬರದ್ದೂ ಆದ ಮನೆಯಲ್ಲಿ ಪಾಲೂ ಸಮ ಇರಬೇಕು ಅನ್ನುವವಳು ನಾನು. ಇದನ್ನು ಹೇಳಿದ್ದಕ್ಕೆ ನೆಂಟರ ಮನೆಯಲ್ಲಿ ಬೈಸಿಕೊಂಡಿದ್ದೇನೆ.

ಈ ಬೈಯುವವರಿಗೆ ನನ್ನದೊಂದು ಪ್ರಶ್ನೆ ಇದೆ. ಸಮಪಾಲು ಆಮೇಲೆ ನೋಡೋಣ, ಅರ್ಧ ಎಲ್ಲಿದೆ? ಅದು ನಾಲ್ಕನೇ ಸೂರಾದಲ್ಲಿ ಬರೆದಿರುವ ಪಾಲು, ಯಾರ ಭಿಕ್ಷೆಯೂ ಅಲ್ಲ. ನಮಾಜು ತಪ್ಪಿಸದ ಮನೆಗಳೇ ತಂಗಿಯರನ್ನು ಆಟೋದಲ್ಲಿ ಕೂರಿಸಿಕೊಂಡು ಬಂದು ಹಕ್ಕು ಬಿಡುಗಡೆ ಪತ್ರ ಬರೆಸುತ್ತವೆ. 1937ರಲ್ಲಿ ಶರೀಅತ್ ಕಾಯ್ದೆ ಮಾಡಿದಾಗಲೂ ಹೀಗೇ ಆಯಿತು. ರೂಢಿ ಬಿಟ್ಟು ಶರೀಅತ್ ಪ್ರಕಾರ ನಡೆಯಬೇಕು ಅಂದರು, ಅದರಿಂದ ಕೃಷಿ ಜಮೀನನ್ನು ಮಾತ್ರ ಹೊರಗಿಟ್ಟರು. ಹಳ್ಳಿಯಲ್ಲಿ ಜಮೀನು ಬಿಟ್ಟರೆ ಇನ್ನೇನು ಆಸ್ತಿ ಇರುತ್ತದೆ ಹೇಳಿ?

ಕುರ್ಚಿಯ ಮೇಲೆ ಕೂತು ಪ್ರಶ್ನೆ ಕೇಳಿದವರು ಇಲ್ಲಿಗೆ ಬಂದಾಗ ಸ್ವಲ್ಪ ನಗುತ್ತಾರೆ. ಅವರು ಬಂದಿರುವುದೂ ಎಷ್ಟೋ ಸಲ ಅಕ್ಕತಂಗಿಯರ ಸಹಿ ಹಾಕಿಸೋಕೆ. ಒಟ್ಟು ಕುಟುಂಬದ ಆಸ್ತಿಯಲ್ಲಿ ಹಿಂದೂ ಹೆಣ್ಣುಮಗಳಿಗೆ ಕರ್ನಾಟಕ 1994ರಲ್ಲೇ ಹಕ್ಕು ಕೊಟ್ಟಿತು, ಇಡೀ ದೇಶಕ್ಕೆ 2005ರಲ್ಲಿ ಬಂತು. ಅಲ್ಲಿ ಪಾಲು ಅರ್ಧವಲ್ಲ, ಪೂರ್ತಿ ಸಮ. ಆದರೂ "ಅರಿಶಿನ ಕುಂಕುಮಕ್ಕೆ" ಅಂತ ಒಂದಿಷ್ಟು ಕೊಟ್ಟು ಬಿಡಿಸಿಕೊಳ್ಳುವ ಪತ್ರಗಳನ್ನು ನಾನು ಎಷ್ಟು ಟೈಪ್ ಮಾಡಿದ್ದೇನೋ ಲೆಕ್ಕವಿಲ್ಲ. ನಮ್ಮವರು ಅರಿಶಿನ ಕುಂಕುಮ ಅನ್ನುವುದಿಲ್ಲ, "ಮೈಕೆ (ತವರು) ಬಾಗಿಲು ತೆರೆದಿರಬೇಕಲ್ಲ" ಅನ್ನುತ್ತಾರೆ. ಅವರೂ ಹಾಗೇ ಅಂತ ತೋರಿಸಿ ನಮ್ಮದನ್ನು ಮುಚ್ಚಿಹಾಕೋಕೆ ಇದನ್ನು ಹೇಳುತ್ತಿಲ್ಲ. ನನ್ನ ಮೇಜಿನ ಮೇಲೆ ಎರಡೂ ಫೈಲು ಒಟ್ಟಿಗೇ ಇರುತ್ತವೆ, ಅಷ್ಟೇ. ಸಾಕ್ಷಿ ಹೇಳೋಕೆ ನಾವು ಇಬ್ಬರು ಬೇಕು. ಬಿಟ್ಟುಕೊಡೋಕೆ ಒಬ್ಬಳ ಸಹಿ ಸಾಕು.

ದಾರಿ ಇಲ್ಲ ಅಂತಲ್ಲ. ಬದುಕಿರುವಾಗಲೇ ಹಿಬಾ, ಅಂದರೆ ದಾನ, ಮಾಡಬಹುದು. ಮಕ್ಕಳಿಗೆ ಕೊಡುವಾಗ ಒಬ್ಬರಿಗೆ ಕೊಟ್ಟು ಒಬ್ಬರನ್ನು ಬಿಡಬೇಡಿ ಅನ್ನುವ ಹದೀಸೇ ಇದೆ. ಹಾಗೆ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮ ಮಾಡಿ ದಾನಪತ್ರ ಬರೆಸಿದವರು ನನ್ನ ಹತ್ತಿರ ಬೆರಳೆಣಿಕೆಯಷ್ಟು. ಕಾಸರಗೋಡು ಜಿಲ್ಲೆಯ ವಕೀಲ ಸಿ. ಶುಕ್ಕೂರ್ ಅವರದ್ದು ಇನ್ನೊಂದು ದಾರಿ. ಅವರಿಗೆ ಮೂವರು ಹೆಣ್ಣುಮಕ್ಕಳು, ಗಂಡುಮಕ್ಕಳಿಲ್ಲ. ಆಗ ಹೆಣ್ಣುಮಕ್ಕಳಿಗೆ ಒಟ್ಟು ಸೇರಿ ಮೂರರಲ್ಲಿ ಎರಡು ಪಾಲೇ ಗರಿಷ್ಠ, ಮಿಕ್ಕಿದ್ದರಲ್ಲಿ ತಂದೆಯ ಅಣ್ಣತಮ್ಮಂದಿರು ಬರುತ್ತಾರೆ. ಅದಕ್ಕೆ ಅವರು 2023ರ ಮಾರ್ಚ್ 8ರಂದು, ಮದುವೆಯಾಗಿ ಎಷ್ಟೋ ವರ್ಷವಾದ ತಮ್ಮ ಹೆಂಡತಿಯನ್ನೇ ವಿಶೇಷ ವಿವಾಹ ಕಾಯ್ದೆಯಡಿ ಇನ್ನೊಮ್ಮೆ ಮದುವೆಯಾದರು. ಆಗ ಆಸ್ತಿಗೆ ಬೇರೆ ಕಾನೂನು ಬರುತ್ತದೆ, ಎಲ್ಲವೂ ಮನೆಯಲ್ಲೇ ಉಳಿಯುತ್ತದೆ. ಮದುವೆ ನಡೆದದ್ದೂ ಒಂದು ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲೇ! ಸುದ್ದಿ ಓದಿ ನನಗೆ ಯಾಕೋ ಜಾಸ್ತಿ ಖುಷಿಯಾಗಿತ್ತು.

ತಲಾಖ್ ಬಗ್ಗೆ ಕೇಳದೆ ಯಾರೂ ಏಳುವುದಿಲ್ಲ. ಒಂದೇ ಉಸಿರಿಗೆ ಮೂರು ಸಲ ಹೇಳುವ ತಲಾಖ್ 2017ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು, 2019ರಲ್ಲಿ ಅದು ಅಪರಾಧವೂ ಆಯಿತು. ಜೀವನಾಂಶಕ್ಕಾಗಿ ಇಂದೋರಿನ ಶಾ ಬಾನು ಕೋರ್ಟ್ ಮೆಟ್ಟಿಲೇರಿ ಗೆದ್ದದ್ದು 1985ರಲ್ಲಿ. ಅದಕ್ಕೆ ದೇಶವೇ ಅಲ್ಲಾಡಿತು. ಹೈಕೋರ್ಟ್ ಅವರಿಗೆ ಕೊಟ್ಟಿದ್ದ ಮೊತ್ತ ಎಷ್ಟು ಗೊತ್ತಾ? ತಿಂಗಳಿಗೆ 179 ರೂಪಾಯಿ 20 ಪೈಸೆ. ಕೆಟ್ಟ ಮದುವೆಯಿಂದ ಹೆಂಗಸು ಹೊರಬರುವ ಕಥೆ ಇನ್ನೂ ಹಳೆಯದು. ಹನಫಿ ಫಿಕ್ಹ್‌ನಲ್ಲಿ (ಧರ್ಮಶಾಸ್ತ್ರದಲ್ಲಿ) ಆ ಬಾಗಿಲು ತುಂಬ ಚಿಕ್ಕದಿತ್ತು. 1930ರ ದಶಕದಲ್ಲಿ ಮೌಲಾನಾ ಅಶ್ರಫ್ ಅಲಿ ಥಾನವಿ, ದೇವಬಂದ್ ಮದರಸಾ ಪರಂಪರೆಯ ದೊಡ್ಡ ಆಲಿಮ್ (ಧರ್ಮವಿದ್ವಾಂಸರು), ಮಾಲಿಕಿ ಅನ್ನುವ ಇನ್ನೊಂದು ನ್ಯಾಯಪಂಥದ ನಿಯಮ ತಂದು ಆ ಬಾಗಿಲು ಅಗಲ ಮಾಡಿದರು. 1939ರ ಕಾಯ್ದೆ ಅದರ ಬೆನ್ನಿಗೇ ಬಂತು. ಗಂಡ ನಾಲ್ಕು ವರ್ಷ ನಾಪತ್ತೆಯಾದರೆ, ಎರಡು ವರ್ಷ ಖರ್ಚಿಗೆ ಕೊಡದಿದ್ದರೆ, ಹೆಂಡತಿ ಕೋರ್ಟಿಗೆ ಹೋಗಿ ಬಿಡುಗಡೆ ಪಡೆಯಬಹುದು. ಶರೀಅತ್‌ನಲ್ಲಿ ಏನೂ ಅಲ್ಲಾಡಿಸೋಕೆ ಆಗಲ್ಲ ಅನ್ನುವವರಿಗೆ ನಾನು ಥಾನವಿಯವರ ಹೆಸರನ್ನೇ ಹೇಳುವುದು. ಅವರನ್ನು ಯಾರೂ ಆಧುನಿಕ ಅಂತ ಬೈಯಲಾರರು.

ಮೆಹರ್, ಅಂದರೆ ನಿಕಾಹ್‌ನಲ್ಲಿ ಗಂಡ ಹೆಂಡತಿಗೆ ಕೊಡಬೇಕಾದ ದುಡ್ಡು, ಅದರ ವಿಷಯ ಮಾತ್ರ ನನಗೆ ಬರೆಯೋಕೆ ಕಷ್ಟ. ನಿಕಾಹ್‌ನಾಮೆಯಲ್ಲಿ ಮೆಹರಿಗೆ ಎರಡು ಬಗೆ. ಕೂಡಲೇ ಕೊಡುವುದು, ಆಮೇಲೆ ಕೊಡುವುದು. ತಮಾಷೆ ಅಂದರೆ ಉರ್ದುವಿನಲ್ಲಿ ಎರಡಕ್ಕೂ ಬಾಯಲ್ಲಿ ಹೆಚ್ಚುಕಡಿಮೆ ಒಂದೇ ಉಚ್ಚಾರ, ಮುಅಜ್ಜಲ್. ಬರವಣಿಗೆಯಲ್ಲಿ ಒಂದಕ್ಕೆ ಐನ್, ಇನ್ನೊಂದಕ್ಕೆ ಹಮ್ಜಾ. ಕನ್ನಡದಲ್ಲಿ ಬರೆದರೆ ಆ ವ್ಯತ್ಯಾಸವೂ ಕಾಣದು. ನಗದಾ, ಉದ್ದರಿಯಾ ಅಂತ ಕೇಳಿಯೇ ನಾನು ತುಂಬುವುದು. ಹೆಚ್ಚಿನವರದ್ದು ಉದ್ದರಿ. ಜಹೇಜ್ (ವರದಕ್ಷಿಣೆ) ಮಾತ್ರ ಯಾವಾಗಲೂ ನಗದು, ಅದಕ್ಕೆ ಕುರ್‌ಆನಿನಲ್ಲಿ ಜಾಗವೇ ಇಲ್ಲ ಅನ್ನುವುದು ಬೇರೆ ಮಾತು.

ಅಮ್ಮಿಯ ಮೆಹರ್ 1,001 ರೂಪಾಯಿ, ಉದ್ದರಿ. ಅಬ್ಬಾ ತೀರಿಕೊಂಡ ದಿನ ಜನಾಜಾ ಎತ್ತುವ ಮೊದಲು ಒಬ್ಬ ಅಜ್ಜಿ ಅಮ್ಮಿಯ ಹೆಗಲು ಹಿಡಿದು ಹೆಣದ ಹತ್ತಿರ ಕರೆತಂದರು. "ಮೆಹರ್ ಮಾಫ್ ಕರ್ ದೇ ಬೇಟಿ." ಮೆಹರ್ ಮನ್ನಾ ಮಾಡು ಮಗಳೇ ಅಂತ. ಸತ್ತವರು ಸಾಲ ಹೊತ್ತು ಹೋಗಬಾರದು ಅನ್ನುವ ನಂಬಿಕೆ. ಮನೆ ತುಂಬ ಜನ. ಅಮ್ಮಿ ಇನ್ನೇನು ಹೇಳಿಯಾರು? ಮಾಫ್ ಅಂದರು. ಸಾಲ ತೀರಿಸಬೇಕಾದವನೇ ಹೇಳಿ ಬರೆಸಲಿ ಅನ್ನುತ್ತದೆ ಆಯತ್. ನಮ್ಮ ಮನೆಯಲ್ಲಿ ಸಾಲ ಕೊಟ್ಟವಳ ಬಾಯಲ್ಲೇ ಮನ್ನಾ ಹೇಳಿಸಿದರು. ನಾನು ಅಲ್ಲೇ ಬಾಗಿಲ ಹತ್ತಿರ ನಿಂತಿದ್ದೆ.

ಹೋದ ತಿಂಗಳು ಹಳ್ಳಿಯ ಕಡೆಯ ಒಂದು ಮನೆಯವರು ಬಂದರು. ಅಣ್ಣತಮ್ಮ ಇಬ್ಬರು, ಒಬ್ಬ ತಂಗಿ, ವಯಸ್ಸು ನಲವತ್ತರ ಹತ್ತಿರ. ಹಕ್ಕು ಬಿಡುಗಡೆ ಪತ್ರ. ಮೇಲೆ ಹಾಕಿದ ಲೆಕ್ಕ ಅವರದ್ದೇ. "ನನಗೆ ಬರಬೇಕಾದ ಹಕ್ಕು ಭಾಗ" ಅಂತ ಬರೆದರೆ ಸಾಕು ಅಂದರು. ನಾನು ಯಾವಾಗಲೂ ಅಂಕಿ ಹಾಕಿಯೇ ಬರೆಯುತ್ತೇನೆ. ಅಣ್ಣನಿಗೆ ಇಷ್ಟವಾಗಲಿಲ್ಲ. ಹಾಕದಿದ್ದರೆ ಮುಂದೆ ತಕರಾರು ಬರುತ್ತೆ ಅಂದೆ, ಸುಮ್ಮನಾದ. ಆಮೇಲೆ ಪತ್ರವನ್ನು ಅವಳಿಗೆ ಓದಿ ಹೇಳಿದೆ. 1 ಎಕರೆ 16 ಗುಂಟೆ ಅಂದಾಗ ಅವಳು ತಲೆ ಎತ್ತಿದಳು.

"ಅಷ್ಟು ನಂದಾ?"

"ಹೌದಮ್ಮಾ."

"ಬಾವಿ ಕಡೆ ಬರುತ್ತಾ, ರಸ್ತೆ ಕಡೆನಾ?"

ಅಣ್ಣತಮ್ಮ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದು ಭಾಗ ಮಾಡಿದಾಗ ಗೊತ್ತಾಗುತ್ತೆ ಅಂದೆ. ಅಷ್ಟರಲ್ಲಿ ಸರ್ವರ್ ಹೋಯಿತು, ಅವತ್ತು ಕೆಲಸ ಆಗಲಿಲ್ಲ. ನಾಲ್ಕು ದಿನ ಬಿಟ್ಟು ಮತ್ತೆ ಬಂದರು. ಫೋಟೊ ಆಯಿತು, ಹೆಬ್ಬೆಟ್ಟಾಯಿತು, ಅವಳು ಸಹಿ ಹಾಕಿದಳು. ಬಿಕ್ಕಲಂ ಹತ್ತಿರ ನಾನೂ ಹಾಕಿದೆ.

ಅಣ್ಣ ಆಟೋ ಕರೆಯೋಕೆ ಹೋದಾಗ ಅವಳು ಪರ್ಸಿನಿಂದ ಹತ್ತು ರೂಪಾಯಿ ತೆಗೆದು ಮೇಜಿನ ಮೇಲಿಟ್ಟಳು. "ಇದರದ್ದು ಒಂದು ಜೆರಾಕ್ಸ್ ನನಗೂ ಮಾಡಿಸಿಕೊಡು ಬಾಜಿ. ಆ ಗುಂಟೆ ಬರೆದಿರೋ ಪುಟ."