ರಾಷ್ಟ್ರಪತಿಗಳು ಅತ್ತೆಯನ್ನ ಬಿಡಬೇಡಿ ಅಂದರಾ?

ಈ ವಾರ ಅತ್ತೆಯ ಪಾಸ್‌ಪೋರ್ಟ್ ಬಂತು. ಅರವತ್ತು ದಾಟಿದ ಮೇಲೆ ಮೊದಲನೇದು, ಮಗಳ ಬಾಣಂತನಕ್ಕೆ ಹೊರಟಿದ್ದಾರೆ. ನಾವೆಲ್ಲ ಫೋಟೋ ನೋಡಿ ನಗ್ತಾ ಇದ್ದರೆ ಅತ್ತೆ ಕನ್ನಡಕ ಹಾಕಿಕೊಂಡು ರಟ್ಟಿನ ಒಳಗಡೆ ರಾಷ್ಟ್ರಪತಿಗಳ ಹೆಸರಿನಲ್ಲಿ ಬರೆದಿರೋ ಇಂಗ್ಲಿಷ್ ಒಕ್ಕಣೆ ಓದ್ತಾ ಕೂತರು. ಒಂದು ಕಡೆ ಬೆರಳಿಟ್ಟು ಕೇಳಿದರು: "ಲೆಟ್ ಅಂದ್ರೆ ಬಿಡು ಅಂತ ಅಲ್ವೇನೋ? ಇಲ್ಲಿ ವಿದೌಟ್ ಲೆಟ್ ಅಂತಿದೆ. ಹಾಗಾದ್ರೆ ರಾಷ್ಟ್ರಪತಿಗಳು ನನ್ನನ್ನ ಬಿಡಬೇಡಿ ಅಂತಿದ್ದಾರಾ?"

ಎಲ್ಲರೂ ಗೊಳ್ಳೆಂದು ನಕ್ಕರು. ಮಾವ, "ಅದು ಹಳೇ ಇಂಗ್ಲಿಷು ಕಣೇ, ನಿಂಗೆ ಗೊತ್ತಾಗಲ್ಲ, ಬಿಡು" ಅಂದರು. ಮಾವನಿಗೂ ಗೊತ್ತಿರಲಿಲ್ಲ ಅನ್ನೋದು ಮುಖದಲ್ಲೇ ಕಾಣ್ತಿತ್ತು. ಬ್ಯಾಂಕ್ ಮ್ಯಾನೇಜರ್ ಆಗಿ ರಿಟೈರ್ ಆದವರು, ಗೊತ್ತಿಲ್ಲ ಅನ್ನೋ ಮಾತು ಅವರ ಬಾಯಲ್ಲಿ ಇವತ್ತಿನವರೆಗೂ ಬಂದಿಲ್ಲ. ಆದರೆ ಅತ್ತೆ ಕೇಳಿದ್ದು ಪೆದ್ದು ಪ್ರಶ್ನೆ ಅಲ್ಲವೇ ಅಲ್ಲ. ಇಷ್ಟು ವರ್ಷದಿಂದ ಪಾಸ್‌ಪೋರ್ಟ್ ಇಟ್ಟುಕೊಂಡು ಓಡಾಡೋ ನಮಗೆ ಯಾರಿಗಾದರೂ ಅದು ಹೊಳೆದಿತ್ತಾ?

ಹಳೆಯ ಇಂಗ್ಲಿಷಿನಲ್ಲಿ ಇವು ಎರಡು ಬೇರೆ ಬೇರೆ ಕ್ರಿಯಾಪದಗಳು. ಲೇಟನ್ ಅಂದರೆ ಬಿಡು, ಲೆಟ್ಟನ್ ಅಂದರೆ ತಡೆ. ಎರಡನೇದು ತಡ ಅನ್ನೋ ಅರ್ಥದ ಲೇಟ್ ಇದೆಯಲ್ಲ, ಅದರ ನಂಟ. ಕಾಲ ಕಳೀತಾ ಬಾಲ ಸವೆದು ಎರಡೂ ಲೆಟ್ ಆದವು. ಅಲ್ಲಿಂದ ಶುರುವಾಯ್ತು ನೋಡಿ ಗೊಂದಲ. ಒಂದೇ ಮಾತು ಬಿಡು ಅಂತಲೂ ಹೌದು, ಬಿಡಬೇಡ ಅಂತಲೂ ಹೌದು. ನಮ್ಮ ಬೀದಿಬೀದಿಯ ಟು-ಲೆಟ್ ಬೋರ್ಡು, ಹಿಂದೆ ವೈದ್ಯರು ಮೈಯಿಂದ ರಕ್ತ ಹರಿಸ್ತಿದ್ದ ಲೆಟ್, ಇವೆಲ್ಲ ಬಿಡುವಿನ ಕಡೆಯವು. ಟೆನಿಸ್‌ನಲ್ಲಿ ಸರ್ವ್ ನೆಟ್ಟಿಗೆ ತಾಗಿ ಸರಿಯಾದ ಜಾಗಕ್ಕೆ ಬಿದ್ದರೆ ಕೂಗೋ ಲೆಟ್ ಮಾತ್ರ ಅಡ್ಡಿಯ ಕಡೆಯದು ಅಂತಾರೆ.

ಶೇಕ್ಸ್‌ಪಿಯರ್‌ನ ನಾಟಕದಲ್ಲಿ ಹ್ಯಾಮ್ಲೆಟ್ ತನ್ನಪ್ಪನ ಭೂತದ ಹಿಂದೆ ಹೊರಟಾಗ ಗೆಳೆಯರು ಹಿಡಿದುಕೊಳ್ತಾರೆ. ಆಗ ಅವನು, ನನ್ನನ್ನ 'ಲೆಟ್' ಮಾಡಿದವನನ್ನೇ ಭೂತ ಮಾಡ್ತೀನಿ ಅಂತಾನೆ. ಇವತ್ತಿನ ಅರ್ಥದಲ್ಲಿ ಓದಿದರೆ, ಪಾಪ, ಬಿಟ್ಟವನಿಗೇ ಗತಿ ಕಾಣಿಸೋ ಹಾಗಿದೆ. 1611ರ ಇಂಗ್ಲಿಷ್ ಬೈಬಲ್‌ನಲ್ಲಿ ಪೌಲ ರೋಮಿನವರಿಗೆ ಬರೀತಾನೆ, ನಿಮ್ಮಲ್ಲಿಗೆ ಬರಬೇಕು ಅಂತ ಎಷ್ಟೋ ಸಲ ಅಂದುಕೊಂಡೆ, ಇಲ್ಲಿವರೆಗೆ ಲೆಟ್ ಆದೆ, ಅಂದರೆ ಅಡ್ಡಿ ಬಂತು, ಅಂತ. ಹೊಸ ಬೈಬಲ್‌ಗಳಲ್ಲಿ ಅದನ್ನ ತೆಗೆದು ಜನಕ್ಕೆ ತಿಳಿಯೋ ಮಾತು ಹಾಕಿದ್ದಾರೆ. ದೇವರ ಮಾತನ್ನೇ ತಿದ್ದಿದ್ದಾರೆ, ಪಾಸ್‌ಪೋರ್ಟನ್ನ ಯಾರೂ ಮುಟ್ಟಿಲ್ಲ. ಬ್ರಿಟನ್ನಿನ ಪಾಸ್‌ಪೋರ್ಟಿನಲ್ಲೂ 'ವಿದೌಟ್ ಲೆಟ್ ಆರ್ ಹಿಂಡ್ರೆನ್ಸ್', ಅಂದರೆ ತಡೆ ಅಡ್ಡಿ ಇಲ್ಲದೆ, ಅನ್ನೋದು ಹಾಗೇ ಇದೆ, ನಮ್ಮದರಲ್ಲೂ ಇದೆ. ತಮಾಷೆ ಅಂದರೆ ಅದರ ಮೇಲೇ ಹಿಂದಿಯಲ್ಲಿ 'ಬಿನಾ ರೋಕ್-ಟೋಕ್' ಅಂತ ಹಾಲು ಕುಡಿಯೋ ಮಗುಗೂ ತಿಳಿಯೋ ಹಾಗೆ ಬರೆದಿದ್ದಾರೆ. ಕನ್ನಡದಲ್ಲಿ ಬರೆದಿದ್ದರೆ ಅಡ್ಡಿ ಆತಂಕವಿಲ್ಲದೆ ಅಂತಿದ್ದರು, ಅತ್ತೆ ಓದಿ ಮಡಚಿಟ್ಟು ಕಾಫಿಗೆ ಏಳ್ತಿದ್ದರು.

ಅತ್ತೆ ಆ ಪ್ರಶ್ನೆ ಕೇಳಿದ್ದು ನನ್ನ ತಲೆಯಲ್ಲಿ ಮತ್ತೆ ಮತ್ತೆ ಓಡ್ತಾ ಇದೆ. ಬೆರಳು ಆ ಸಾಲಿನ ಮೇಲೇ ಇತ್ತು, ಮಾವ 'ಬಿಡು' ಅಂದ ಮೇಲೂ ತೆಗೆದಿರಲಿಲ್ಲ. ಮನೆಯಲ್ಲಿ ಅವರನ್ನ ಲೆಟ್ ಮಾಡೋದು ಮಾವನೇ, ಹಳೇ ಅರ್ಥದಲ್ಲಿ. ಒಬ್ಬರೇ ಧರ್ಮಸ್ಥಳಕ್ಕೆ ಹೋಗ್ತೀನಿ ಅಂದರೂ ಯಾಕೆ, ಯಾರ ಜೊತೆ ಅಂತ ಕೇಳ್ತಾರೆ. ಇನ್ನು ಹೊರಗಡೆ ವೀಸಾದವರು ಇದ್ದಾರೆ. ರಾಷ್ಟ್ರಪತಿಗಳ ಹೆಸರಿನಲ್ಲಿ ಅಡ್ಡಿ ಮಾಡಬೇಡಿ ಅಂತ ಬರೆದ ಪುಸ್ತಕ ಕೈಯಲ್ಲಿದ್ದರೂ ಬ್ಯಾಂಕ್ ಸ್ಟೇಟ್‌ಮೆಂಟ್ ಕೊಡು, ಮಗಳ ಪತ್ರ ಕೊಡು, ವಾಪಸ್ ಬರ್ತೀಯ ಅನ್ನೋದಕ್ಕೆ ಸಾಕ್ಷಿ ಕೊಡು ಅಂತಾರೆ. ಹಾಗೆ ನೋಡಿದರೆ ಅತ್ತೆ ಓದಿಕೊಂಡ ಅರ್ಥವೇ ನಿಜಕ್ಕೆ ಹತ್ತಿರ ಅನ್ಸುತ್ತೆ.

ಇದನ್ನೆಲ್ಲ ಅತ್ತೆಗೆ ಫೋನ್ ಮಾಡಿ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. "ಸರಿ ಹಾಗಾದ್ರೆ. ಅದರ ಮೊದಲೇ ರಿಕ್ವೆಸ್ಟ್ ಆ್ಯಂಡ್ ರಿಕ್ವಯರ್ ಅಂತಿದೆಯಲ್ಲೋ. ಕೇಳಿಕೊಳ್ಳೋದೂ ಅವರೇ, ಅಪ್ಪಣೆ ಕೊಡೋದೂ ಅವರೇನಾ?"